ಬಾವುಟಕ್ಕೆ ಹಾಕದ ಚೀಲ

ಇವತ್ತು ಬೆಳಿಗ್ಗೆ ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆಗೆದೆ ನೋಡಿ, ಬಿಸಿಲಿಗೆ ಬೆಂದ ರೆಕ್ಸಿನ್ ವಾಸನೆ ಮೂಗಿಗೆ ಬಡಿಯಿತು. ಗೇಣುದ್ದದ ಕಪ್ಪು ಚೀಲ. ರಿಯಾದಿನಲ್ಲಿ ಆಫ್ರಿಕಾದ ಪುಟ್ಟ ದೇಶವೊಂದರ ರಾಯಭಾರ ಕಚೇರಿಗೆ ನಾನು ಡ್ರೈವರು. ರಾಯಭಾರಿ ಕಾರಿನಲ್ಲಿದ್ದರೆ ಬಾನೆಟ್ಟಿನ ಮೇಲೆ ಅವರ ದೇಶದ ಬಾವುಟ ಹಾರಬೇಕು. ಅವರು ಇಳಿದ ಕೂಡಲೇ ಅದರ ಮೇಲೆ ಈ ಚೀಲ ಏರಬೇಕು.

"ಬಾವುಟಕ್ಕೂ ಕಾಲುಚೀಲವಾ ಮಾರಾಯ ನಿಮ್ಮಲ್ಲಿ?" ಎಂದು ರೂಮಿನಲ್ಲಿ ಜೊತೆಗಿರುವ ಭಟ್ಕಳದ ಸಾದಿಕ್ ಭಾಯಿ ನಗುತ್ತಿದ್ದರು. ನಗಲಿ. ಉಳ್ಳಾಲದಲ್ಲಿ ಮೀನಿನ ಟೆಂಪೋ ಓಡಿಸಿಕೊಂಡಿದ್ದವನಿಗೆ ಒಂದು ದೇಶದ ಮಾನ ಕಾಯುವ ಕೆಲಸ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಜಂಭ.

ನಾನು ಸೇರಿದಾಗ ಇದ್ದ ರಾಯಭಾರಿ ನಿವೃತ್ತ ಸೇನಾಧಿಕಾರಿ. ಚೀಲ ಹಾಕುವುದು ಒಂದು ನಿಮಿಷ ತಡವಾಯಿತೆಂದು ಒಮ್ಮೆ ಬಿಸಿಲಲ್ಲೇ ನಿಲ್ಲಿಸಿ ಬೈದಿದ್ದರು. ನಮ್ಮ ನಡುವಿನದು ಮುರುಕು ಅರಬಿ, ಮುರುಕು ಇಂಗ್ಲಿಷ್. ನಿಮಗೆ ನಮ್ಮೂರ ಮಾತಿನಲ್ಲೇ ಹೇಳುತ್ತೇನೆ.

ಬುರೈದಾ ಪಟ್ಟಣದಲ್ಲಿ ಕೆಲಸಕ್ಕಿದ್ದ ಮನೆಯಿಂದ ಓಡಿಬಂದ ಅವರ ದೇಶದ ಹೆಂಗಸೊಬ್ಬಳು ತಿಂಗಳುಗಟ್ಟಲೆ ನಮ್ಮ ಕಚೇರಿಯಲ್ಲೇ ಆಶ್ರಯ ಪಡೆದಿದ್ದಳು. ಕೊನೆಗೂ ಊರಿಗೆ ಮರಳುವ ಕಾಗದ ಸಿಕ್ಕಿತು. ಅದರ ಅವಧಿ ಮುಗಿಯುವ ದಿನವೇ ವಿಮಾನ. ಕಚೇರಿಯ ವ್ಯಾನು ಕೆಟ್ಟಿತ್ತು. ಸೌದಿ ವಿದೇಶಾಂಗ ಸಚಿವಾಲಯದ ಎದುರು ಇಳಿಯುತ್ತಾ ರಾಯಭಾರಿ, "ನನ್ನ ಮೀಟಿಂಗ್ ಮುಗಿಯುವುದರೊಳಗೆ ಅವಳನ್ನು ಕಚೇರಿಯಿಂದ ಕರೆದುಕೊಂಡು ಹೋಗಿ ವಿಮಾನ ಹತ್ತಿಸಿ ಬಾ" ಎಂದರು.

ಚೀಲ ಕೈಯಲ್ಲೇ ಇತ್ತು. ವಿಮಾನ ನಿಲ್ದಾಣದ ದಾರಿಯಲ್ಲಿ ರಸ್ತೆ ಅಗೆದಿದ್ದಾರೆ, ಗಾಡಿಗಳು ಗಂಟೆಗಟ್ಟಲೆ ನಿಂತಿವೆ ಎಂದು ಬೆಳಿಗ್ಗೆಯೇ ಕೇಳಿದ್ದೆ. ಚೀಲವನ್ನು ಜೇಬಿಗೆ ತುರುಕಿದೆ.

ಬಾವುಟ ಕಂಡದ್ದೇ ತಡ, ಪೊಲೀಸರು ಅಡ್ಡಗಟ್ಟೆ ಸರಿಸಿ, ಮುಚ್ಚಿದ್ದ ದಾರಿ ಬಿಟ್ಟುಕೊಟ್ಟರು. ಒಬ್ಬ ಸೆಲ್ಯೂಟ್ ಹೊಡೆದ. ಹಿಂದಿನ ಸೀಟಿನಲ್ಲಿ ಅವಳು ಪ್ಲಾಸ್ಟಿಕ್ ಚೀಲ ಅಪ್ಪಿಕೊಂಡು ಬಗ್ಗಿಬಿಟ್ಟಳು.

"ಅಣ್ಣಾ, ನನ್ನನ್ನು ಹಿಡಿಯುತ್ತಾರಾ?"

"ಇಲ್ಲ ಅಕ್ಕ. ನಿಮಗೆ ಸೆಲ್ಯೂಟ್ ಹೊಡ್ದದ್ದು ಅವ."

ಅವಳು ಮೆಲ್ಲಗೆ ನೇರ ಕೂತು ತಲೆವಸ್ತ್ರ ಸರಿಮಾಡಿಕೊಂಡಳು. ಮುಂದಿನ ಪೊಲೀಸನಿಗೆ ತಾನೂ ಕೈಯೆತ್ತಿದಳು. ಕನ್ನಡಿಯಲ್ಲಿ ನೋಡುತ್ತಿದ್ದ ನನಗೆ ಅಳು ಬಂದಿತ್ತು, ಮುಚ್ಚಿಡುವುದೇಕೆ? ವಿಮಾನ ಸಿಕ್ಕಿತು.

ಮರುದಿನ ಸಚಿವಾಲಯದಿಂದ ಫೋನು: ಸಭೆಯಲ್ಲಿದ್ದ ರಾಯಭಾರಿ ಅದೇ ಹೊತ್ತಿಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೇಗಿದ್ದರು? ಸೇನಾಧಿಕಾರಿ ನನ್ನನ್ನು ಕರೆಸಿದರು.

"ಮರೆತೆಯಾ?"

"ಮರೆತೆ ಸಾರ್." ನಾಲಿಗೆ ತಾನಾಗಿಯೇ ಹಾಗೆಂದಿತು.

ಅವರು ಕ್ಷಮಾಪಣೆಯ ಪತ್ರ ಬರೆದು ತಮ್ಮ ರುಜು ಹಾಕಿದರು. ತಪ್ಪನ್ನೇ ಸಹಿಸದ ಮನುಷ್ಯ ನನ್ನ ಸುಳ್ಳಿಗಾಗಿ ತಲೆತಗ್ಗಿಸಿದರು. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ. "ಸತ್ಯ ಹೇಳಿ, ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾ ಕಳ್ಕೊಂಡು ಊರಲ್ಲಿ ಎಂತ ಮಾಡ್ತಿ? ಸುಮ್ನಿರು" ಎಂದರು ಸಾದಿಕ್ ಭಾಯಿ. ಸುಮ್ಮನಿದ್ದೆ. ನನ್ನ ಫೈಲಿನಲ್ಲಿ ಒಂದು ಸಾಲು ಉಳಿಯಿತು: ಒಬ್ಬ ಹೆಂಗಸನ್ನು ವಿಮಾನಕ್ಕೆ ಬಿಡಲು ಹೋದಾಗ ಚೀಲ ಹಾಕಿಲ್ಲ, ಚಾಲಕನಿಗೆ ಮರೆವು ಹೆಚ್ಚು.

ನಂತರ ಬಂದ ರಾಯಭಾರಿ ಕಾಲೇಜಿನ ಮೇಷ್ಟ್ರಾಗಿದ್ದವರು. ಮೊದಲ ದಿನವೇ ಫೈಲು ಓದಿ, ಆಮೇಲೆ ಇಳಿದಾಗಲೆಲ್ಲ "ಚೀಲ, ಚೀಲ" ಎಂದು ಮಗುವಿಗೆ ಹೇಳುವಂತೆ ನೆನಪಿಸುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಹೀಗೇ ವರ್ಷಗಳು ಕಳೆದವು.

ಈಗ ಬಂದಿರುವವರು ಮಹಿಳೆ. ನಾಲ್ಕು ದಿನವಾಯಿತಷ್ಟೆ. ಇವತ್ತು ಬೆಳಿಗ್ಗೆ ನಾನು ಖಾನೆ ಮುಚ್ಚುವಷ್ಟರಲ್ಲಿ ನನ್ನ ಫೈಲು ಹಿಡಿದೇ ಬಂದು ಕೂತರು. ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿದರು: "ನಿಜವಾಗಿ ಮರೆತದ್ದಾ?"

ಮಗಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿದೆ. ಆದರೂ ಆ ಸುಳ್ಳು ಹೊತ್ತು ಸಾಕಾಗಿತ್ತು.

"ಇಲ್ಲ ಮೇಡಂ. ಚೀಲ ಕೈಯಲ್ಲೇ ಇತ್ತು. ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಅವರು ಫೈಲಿನ ಆ ಪುಟ ತೆರೆದರು. ಆಮೇಲೆ ಪೆನ್ನು ತೆಗೆದರು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

"ಇಲ್ಲಿ ಬರೀ 'ಒಬ್ಬ ಹೆಂಗಸು' ಎಂದಿದೆ," ಎಂದರು. "ಅವಳ ಹೆಸರೇನು?"

"ಹಲೀಮಾ," ಎಂದೆ. ಫೈಲಿನ ಪ್ರಕಾರ ಮರೆವು ಹೆಚ್ಚಿರುವ ನನ್ನ ಬಾಯಿಂದ ಅದು ಒಂದಿಷ್ಟೂ ತಡವರಿಸದೆ ಬಂತು.