ಮಾವನ ಚೂರಿಗೆ ಹೊಸ ಮೊಳೆ

ನನ್ನ ಸೋದರಮಾವನಲ್ಲಿ ಒಂದು ಚೂರಿ ಇತ್ತು. ಮಡಚುವ ಚೂರಿಯಲ್ಲ. ಗೇಣುದ್ದದ ಅಲಗು, ಕಡವೆಯ ಕೊಂಬಿನ ಹಿಡಿ, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವ ಚರ್ಮದ ಒರೆ ಇದ್ದ ಬೇಟೆಯ ಚೂರಿ. ನಮ್ಮದು ಅಳಿಯಸಂತಾನದ ಮನೆ. ಯಜಮಾನಿಕೆ ಅಪ್ಪನದ್ದಲ್ಲ, ಅಮ್ಮನ ಅಣ್ಣನದ್ದು. ತೋಡಾರಿನಿಂದ ಸ್ವಲ್ಪ ಒಳಗಿದ್ದ ಆ ಮನೆಯಲ್ಲಿ ಮಾವ ಆಡಿದ್ದೇ ಮಾತು, ಮತ್ತು ಮಾವ ಹೆಚ್ಚಾಗಿ ಆಡುತ್ತಿದ್ದದ್ದು ಆ ಚೂರಿಯ ಮಾತನ್ನೇ.

ಕಥೆ ಹೀಗೆ. ನೆರಿಯದ ಕಾಡಿಗೆ ಮರದ ಕಂಪೆನಿಯ ಒಬ್ಬ ಬಿಳಿಯ ದೊರೆ ಬೇಟೆಗೆ ಬಂದಿದ್ದನಂತೆ. ಗುಂಡು ತಾಗಿದ ಹಂದಿಯೊಂದು ತಿರುಗಿ ನುಗ್ಗಿತಂತೆ. ದೊರೆ ಕೋವಿ ಬಿಸಾಡಿ ಮರ ಹತ್ತಿದನಂತೆ. ಆಗ ಜೊತೆಗೆ ಹೋಗಿದ್ದ ನಮ್ಮ ಮಾವ ದೊರೆಯ ಸೊಂಟದ ಚೂರಿಯನ್ನು ಸೆಳೆದುಕೊಂಡು ಹಂದಿಯ ಪಕ್ಕೆಗೆ ಇಳಿಸಿದರಂತೆ. ದೊರೆ ಕೆಳಗಿಳಿದು, ಕಣ್ಣಲ್ಲಿ ನೀರು ತಂದುಕೊಂಡು, ಚೂರಿಯನ್ನು ಮಾವನಿಗೇ ಕೊಟ್ಟು ಹೋದನಂತೆ. ದೊರೆ ಮರದ ಮೇಲಿದ್ದ ಮೇಲೆ ಅವನ ಸೊಂಟದ ಚೂರಿ ಮಾವನ ಕೈಗೆ ಹೇಗೆ ಬಂತು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗೇಣಿ ಅಕ್ಕಿ ಹೊತ್ತು ತಂದ ಒಕ್ಕಲಿನವರು ಅಂಗಳದಲ್ಲಿ ನಿಂತೇ ಈ ಕಥೆ ಕೇಳಬೇಕಿತ್ತು. ಈ ಸಲ ಬೆಳೆ ಕೈಕೊಟ್ಟಿತು, ಸ್ವಲ್ಪ ಕಡಿಮೆ ಮಾಡಿ ಎಂದು ಬೇಡಲು ಬಂದವರಿಗಾದರೆ ಹಂದಿ ಇನ್ನಷ್ಟು ದೊಡ್ಡದಾಗುತ್ತಿತ್ತು. ತಾಲೂಕು ಕಚೇರಿಗೆ ಹೋಗುವಾಗಲೂ ಮಾವ ಬಿಳಿ ಪಂಚೆಯ ಮೇಲೆ ಬೆಲ್ಟು ಬಿಗಿದು ಚೂರಿ ಸಿಕ್ಕಿಸಿಕೊಳ್ಳುತ್ತಿದ್ದರು. ಇಷ್ಟು ಶೂರರಾದ ಅವರು ಮನೆಯಲ್ಲಿ ಕೋಳಿ ಕೊಯ್ಯುವ ದಿನ ಮಾತ್ರ, ಗದ್ದೆಯ ನೀರು ನೋಡಿ ಬರುತ್ತೇನೆ ಎಂದು ಹೊರಟುಬಿಡುತ್ತಿದ್ದರು. ಗದ್ದೆ ಒಣಗಿದ ತಿಂಗಳಲ್ಲೂ ನೀರು ನೋಡಲು ಹೋಗುತ್ತಿದ್ದರು.

ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವರು ಮಾವನ ಹೆಂಡತಿ, ನನ್ನ ಅತ್ತೆ. ನಾನು ಟ್ರೈನಿಂಗ್ ಮುಗಿಸಿ ಮೂಡಬಿದ್ರೆಯ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಐವತ್ತರ ದಶಕದ ಕೊನೆ ಇರಬೇಕು. ಬೇಸಿಗೆ ರಜೆಯಲ್ಲಿ ಬಂಟ್ವಾಳದ ಕಡೆಯ ಒಂದು ಮನೆಯವರು ನನ್ನನ್ನು ನೋಡಲು ಬಂದರು. ಹುಡುಗ, ಅವನ ಸೋದರಮಾವ, ಜೊತೆಗೆ ಒಬ್ಬರು ಮಧ್ಯಸ್ಥರು. ಅತ್ತೆ ಬೆಳಗ್ಗೆಯೇ ಎದ್ದು ಶ್ಯಾವಿಗೆ ಒತ್ತಿ, ಬೆಲ್ಲ ಹಾಕಿದ ತೆಂಗಿನಹಾಲು ಮಾಡಿಟ್ಟಿದ್ದರು. ನನ್ನ ಓದಿನ ಬಗ್ಗೆ, ಕೆಲಸದ ಬಗ್ಗೆ ಅವರು ಒಂದು ಮಾತು ಕೇಳುವ ಮೊದಲೇ ಮಾವ ನೆರಿಯದ ಕಾಡು ಹೊಕ್ಕಾಗಿತ್ತು.

ನಾನು ಬಾಗಿಲ ಸಂದಿನಲ್ಲಿ ನಿಂತಿದ್ದೆ. ಹಂದಿ ನುಗ್ಗಿತು, ದೊರೆ ಮರ ಹತ್ತಿದ. ಮಾವ ಎದ್ದು ನಿಂತು ಒರೆಯಿಂದ ಚೂರಿ ಎಳೆದು ತಲೆಯ ಮೇಲೆತ್ತಿ ರಭಸದಿಂದ ಇರಿದರು. ಇರಿತದ ನಡುವೆ ಹಿಡಿಯ ಎರಡು ಹೋಳು ಬೆಂದ ನೆಲಗಡಲೆಯ ಸಿಪ್ಪೆಯಂತೆ ಬಾಯಿಬಿಟ್ಟವು. ಅವನ್ನು ಅಲಗಿಗೆ ಬಿಗಿದಿದ್ದ ಮೊಳೆಗಳು ಯಾವಾಗ ಸವೆದಿದ್ದವೋ, ಟಿಣ್ ಎಂದು ಹಾರಿಹೋದವು. ಕೊಂಬಿನ ತುಂಡು ಮಾವನ ಮುಷ್ಟಿಯಲ್ಲೇ ಉಳಿಯಿತು. ಅಲಗು ನೇರವಾಗಿ ತೆಂಗಿನಹಾಲಿನ ಪಾತ್ರೆಗೆ ಬಿದ್ದು, ಹುಡುಗನ ಸೋದರಮಾವನ ಬಿಳಿ ಅಂಗಿ ಎದೆಯವರೆಗೆ ನೆನೆಯಿತು.

ಅವರು ಗಂಭೀರವಾಗಿ ಅಂಗಿ ಒರೆಸಿಕೊಂಡರು. ಆಮೇಲೆ ಕೇಳಿದರು: "ಹಾಗಾದರೆ ಹಂದಿ ತಪ್ಪಿಸಿಕೊಂಡಿತೋ?"

ಹುಡುಗ ತಲೆ ತಗ್ಗಿಸಿ ಶ್ಯಾವಿಗೆಯನ್ನೇ ನೋಡುತ್ತಿದ್ದ. ಭುಜ ಮಾತ್ರ ಕುಲುಕುತ್ತಿತ್ತು. ಬಿಸು ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇವೆ ಎಂದು ಹೇಳಿ ಅವರು ಹೊರಟರು. ಸಂಬಂಧ ಏನಾದೀತು ಎಂಬ ಚಿಂತೆ ಅತ್ತೆಗೆ. ಅವರು ಬರುವುದರೊಳಗೆ ಚೂರಿ ಸರಿಯಾಗಬೇಕು ಎಂಬ ಚಿಂತೆ ಮಾವನಿಗೆ.

ಊರಿನಲ್ಲಿ ಕಮ್ಮಾರರಿದ್ದರು. ಆದರೆ ದೊರೆಯ ಸೀಮೆಯಿಂದ ಬಂದ ಚೂರಿಯನ್ನು ನೇಗಿಲ ಗುಳ ಬಡಿಯುವವನ ಕೈಗೆ ಕೊಡುವುದೆಂದರೆ ಮಾವನಿಗೆ ಅವಮಾನ. ಅವರು ಮೆಲ್ಕಾರಿಗೆ ಹೇಳಿಕಳಿಸಿದರು. ಅಲ್ಲಿ ಅತ್ತೆಯ ಅಣ್ಣನ ಹೋಟೆಲು ಇತ್ತು. ಬಾಗಿಲಲ್ಲಿ ದಿನವೂ ಲಾರಿಗಳು ನಿಲ್ಲುತ್ತಿದ್ದುದರಿಂದ ಯಂತ್ರದ ವಿದ್ಯೆಯೆಲ್ಲ ತನಗೆ ಬರುತ್ತದೆ ಎಂದು ಆ ಮನುಷ್ಯ ನಂಬಿದ್ದರು. ಚಾಲಕರಿಗೆ ಚಹಾ ಕೊಟ್ಟು ಕಲಿತ ವಿದ್ಯೆ ಅದು. ಲಾರಿಯ ಬೋಲ್ಟು, ನಟ್ಟು, ಒಂದು ಸ್ಪ್ಯಾನರು ಚೀಲಕ್ಕೆ ತುಂಬಿಕೊಂಡು ಮರುದಿನವೇ ಬಸ್ಸು ಹತ್ತಿ ಬಂದಿಳಿದರು.

ಜಗಲಿಯಲ್ಲಿ ಚಾಪೆ ಹಾಸಿ, ಭಾವ ಭಾವ ಇಬ್ಬರೂ ಎದುರುಬದುರು ಕುಳಿತು ಹಿಡಿಯನ್ನು ಪೂರ್ತಿ ಬಿಚ್ಚಿದರು. ಅಲಗಿನ ಬಾಲದ ಮೇಲೆ, ಹೋಳುಗಳ ಒಳಮೈಯಲ್ಲಿ, ಹಳದಿ ಬಣ್ಣದ ಅಂಟು ದಪ್ಪಗೆ ಮೆತ್ತಿಕೊಂಡಿತ್ತು. ಮೊಳೆಯ ತೂತುಗಳಲ್ಲೂ ಅದೇ. ಮಾವ ಅದನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದರು. ಹಂದಿಯ ಕೊಬ್ಬು ಎಂದರು. ಇಷ್ಟು ವರ್ಷವಾದರೂ ಒಣಗಿಲ್ಲ ನೋಡು ಎಂದು ನನ್ನನ್ನೂ ಕರೆದು ತೋರಿಸಿದರು. ಹೋಟೆಲಿನವರು ಅದನ್ನು ಮೂಸಿ ನೋಡಿದರು. ಬೆರಳಿಗೆ ಅಂಟಿದ್ದು ಬಿಡದೆ ಇದ್ದಾಗ ಒಂದು ತೊಟ್ಟು ತೆಂಗಿನೆಣ್ಣೆ ತರಿಸಿ ಉಜ್ಜಿದರು. ಅದು ಕರಗಿ ಹೋಯಿತು.

"ಭಾವ, ಇದು ಹಲಸಿನ ಮೇಣ ಮಾರಾಯ್ರೆ," ಎಂದರು.

ಮಾವನ ಮುಖ ಅತ್ತೆಯ ಕಡೆ ತಿರುಗಿತು. ಅತ್ತೆ ಕಾಫಿಯ ಲೋಟಗಳನ್ನು ಇಳಿಸುತ್ತಿದ್ದರು. ಗಾಬರಿಯಾಗಲಿಲ್ಲ. ಹೌದು, ಹೋದ ವರ್ಷದ್ದೂ ಉಂಟು, ಈ ವರ್ಷದ್ದೂ ಉಂಟು ಎಂದರು. ಅಡುಗೆಮನೆಗೆ ಒಂದು ಹರಿತದ ಚೂರಿ ತನ್ನಿ ಎಂದು ಮದುವೆಯಾದಂದಿನಿಂದ ಕೇಳುತ್ತಿದ್ದೆ, ಮುಂದಿನ ಸಲ ಮಂಗಳೂರಿಗೆ ಹೋದಾಗ ಎಂದು ನೀವು ಹೇಳುತ್ತಲೇ ಬಂದಿರಿ. ಮಧ್ಯಾಹ್ನ ಉಂಡು ನೀವು ಮಲಗಿದ ಮೇಲೆ ಅದು ಗೋಡೆಯಲ್ಲಿ ಸುಮ್ಮನೆ ತೂಗುತ್ತಿತ್ತು, ತೆಗೆದುಕೊಂಡೆ. ಕೊಯ್ದು, ತೊಳೆದು, ನೀವು ಏಳುವ ಮೊದಲು ಅಲ್ಲೇ ಇಡುತ್ತಿದ್ದೆ. ಇಷ್ಟನ್ನು ಅತ್ತೆ ಸಕ್ಕರೆ ಸಾಕೋ ಎಂದು ವಿಚಾರಿಸುವ ದನಿಯಲ್ಲೇ ಹೇಳಿದರು.

ಮಾವ ಮೇಣ ಕೆರೆದ ಉಗುರನ್ನು ಪಂಚೆಗೆ ಒರೆಸಿಕೊಂಡರು. ಹಂದಿ ಕೊಂದ ಆಯುಧದಲ್ಲಿ ಹಲಸು ಕೊಯ್ಯುವುದೇ ಎಂದು ಕೇಳಿದರು.

"ಹಂದಿ ಕೊಂದದ್ದು ನೀವು, ಹಲಸು ಕೊಯ್ದದ್ದು ನಾನು," ಎಂದರು ಅತ್ತೆ. "ಎರಡರಲ್ಲಿ ಒಂದರದ್ದಾದರೂ ಗುರುತು ಉಳಿದಿದೆಯಲ್ಲ."

ಹೋಟೆಲಿನವರು ಕಾಫಿಯನ್ನು ಮೂಗಿಗೆ ಏರಿಸಿಕೊಂಡು ಕೆಮ್ಮಿದರು. ನಾನು ಒಳಗೆ ಹೋಗಿ ಬಾವಿಯ ಹಗ್ಗ ಹಿಡಿದು ಸಾಕಷ್ಟು ನಕ್ಕು ಬಂದೆ.

ಅಂದು ಮಧ್ಯಾಹ್ನವೆಲ್ಲ ಬೋಲ್ಟಿನ ಕೆಲಸ ನಡೆಯಿತು. ತೂತು ಚಿಕ್ಕದು, ಬೋಲ್ಟು ದೊಡ್ಡದು. ಲಾರಿಗೆ ಹೇಳಿದ್ದು ಚೂರಿಗೆ ಹಿಡಿಸುತ್ತದೆಯೇ ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ. ಕಬ್ಬಿಣದ ಕಡ್ಡಿ ಕಾಯಿಸಿ ಕೊಂಬಿನ ತೂತನ್ನು ಅಗಲಿಸಿದರು. ಮನೆಯೆಲ್ಲ ಸುಟ್ಟ ಕೂದಲಿನ ವಾಸನೆ. ಕೊನೆಗೆ ಜೋಡಿಸಿದ ಚೂರಿಯನ್ನು ಮಾವ ಹಿಡಿದಾಗ ಎರಡೂ ಕಡೆಯಿಂದ ನಟ್ಟುಗಳು ಅಂಗೈಗೆ ಒತ್ತುತ್ತಿದ್ದವು. ಇನ್ನೂ ಬಿಗಿಯಾಗಬೇಕು ಎಂದು ಹೋಟೆಲಿನವರು ಸ್ಪ್ಯಾನರಿಗೆ ಮೈಭಾರವೆಲ್ಲ ಹಾಕಿದರು. ಕೊಂಬು ಉದ್ದಕ್ಕೆ ಸೀಳಿತು. ಕೊಂಬೇ ಹಳತು, ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ಹೇಳಿ ಅವರು ಸಂಜೆಯ ಬಸ್ಸಿಗೆ ಹೋದರು. ಮಾವ ಬೇಸರದಿಂದ ಅಲಗನ್ನು ಕಿಟಕಿಯ ದಂಡೆಯ ಮೇಲೆ ಇಟ್ಟವರು ಮತ್ತೆ ಅದರ ಕಡೆ ನೋಡಲಿಲ್ಲ.

ನೋಡಿದವರು ಅತ್ತೆ. ಆ ವಾರ ಪಾತ್ರೆಗಳಿಗೆ ಕಲಾಯಿ ಹಾಕುವವನು ಬಂದು ನಮ್ಮ ಅಂಗಳದಲ್ಲಿ ತಿದಿ ಹೂಡಿದ್ದ. ಅತ್ತೆ ಅಲಗನ್ನು ಅವನ ಮುಂದೆ ಇಟ್ಟರು. ಹಿಡಿಗೆ ಬೀಟೆಮರದ ಒಂದು ತುಂಡು, ಮುರಿದ ಮಂಚದ ಕಾಲಿನದ್ದು. ಮೊಳೆಗೆ ಹಳೆಯ ಹಂಡೆಯ ಕಿವಿಯಿಂದ ಕಳಚಿದ ತಾಮ್ರದ ಸರಳು. ಆ ಕಲಾಯಿಯವನೂ ಬಾಯಿಬಡುಕನೇ. ಅವನ ಅಜ್ಜ ಟಿಪ್ಪುವಿನ ಫಿರಂಗಿಗೆ ಮೊಳೆ ಹೊಡೆದವನಂತೆ. ಲೆಕ್ಕ ಹಾಕಿದರೆ ಆ ಅಜ್ಜ ಹುಟ್ಟಿ ನೂರೆಂಬತ್ತು ವರ್ಷವಾದರೂ ಆಗಿರಬೇಕಿತ್ತು. ಮೊದಲ ಮೊಳೆಯನ್ನು ಅವನು ವಕ್ರವಾಗಿ ಹೊಡೆದ. ಅತ್ತೆ ಅದನ್ನು ತೆಗೆಸಿ ಮತ್ತೆ ಹೊಡೆಸಿದರು. ಸರಳನ್ನು ತುಂಡು ಮಾಡಿ, ಕಾಯಿಸಿ ಮೆತ್ತಗಾಗಿಸಿ, ತೂತಿನಲ್ಲಿ ತೂರಿಸಿ, ಎರಡೂ ತುದಿಗಳನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಅಣಬೆಯ ತಲೆಯಂತೆ ಹರಡಿ, ಆಮೇಲೆ ಅರದಿಂದ ಮರದ ಮಟ್ಟಕ್ಕೆ ಉಜ್ಜಬೇಕು. ನಡುನಡುವೆ ಅತ್ತೆ ಚೂರಿಯನ್ನು ಹಿಡಿದು ನೋಡಿ, ಇಲ್ಲಿ ಇನ್ನಷ್ಟು ಕೆರೆ, ಇಲ್ಲಿ ಸಾಕು ಎನ್ನುತ್ತಿದ್ದರು. ಹಿಡಿ ತಯಾರಾದಾಗ ಅದು ಅತ್ತೆಯ ಅಂಗೈಗೆ ಸರಿಯಾಗಿತ್ತು. ಮಾವನ ದೊಡ್ಡ ಕೈಗೆ ಕಿರಿದಾಗಿತ್ತು. ಅಳತೆ ತಪ್ಪಿತು ಎಂದು ಯಾರೂ ಹೇಳಲಿಲ್ಲ.

ಬಿಸು ಕಳೆದು ಬಂಟ್ವಾಳದವರು ಹೇಳಿದಂತೆ ಮತ್ತೆ ಬಂದರು. ಅತ್ತೆಯೇ ಚೂರಿಯನ್ನು ತೊಳೆದು ಒರೆಸಿ ಚಾವಡಿಗೆ ತಂದುಕೊಟ್ಟರು. ಮಾವ ಅದನ್ನು ಎರಡು ಬೆರಳಲ್ಲಿ ಹಿಡಿದು, ಈ ಸಲ ಕುಳಿತೇ ಕಥೆ ಹೇಳಿದರು. ಹಂದಿಯ ಪಕ್ಕೆಲುಬಿಗೆ ತಾಗಿದ ಆ ಪೆಟ್ಟಿನಲ್ಲೇ ಮೊಳೆಗಳು ಒಳಗಿಂದೊಳಗೆ ಸಡಿಲವಾಗಿದ್ದವಂತೆ. ಅಂಥ ಪೆಟ್ಟು. ಅದು ಹೊರಗೆ ಕಂಡದ್ದು ಮೊನ್ನೆ ಇವರ ಎದುರಿಗಂತೆ. ಮುರಿದದ್ದೇ ಸಾಕ್ಷಿಯಾಯಿತು. ಹುಡುಗನ ಸೋದರಮಾವ ಪೂರ್ತಿ ಕೇಳಿ, ತಲೆಯಾಡಿಸಿ, ತಾನು ಹೊಡೆದ ಹುಲಿಯ ಕಥೆ ಆರಂಭಿಸಿದರು.

ಹುಲಿ ಇನ್ನೂ ಪೊದೆಯೊಳಗೆ ಇರುವಾಗಲೇ ಹುಡುಗ ನೀರು ಬೇಕೆಂದು ಅಡುಗೆಮನೆಯ ಬಾಗಿಲಿಗೆ ಬಂದ. ಅತ್ತೆ ಅದೇ ಸಕ್ಕರೆ ವಿಚಾರಿಸುವ ದನಿಯಲ್ಲಿ, ಕಥೆ ಅರ್ಧಕ್ಕೆ ಬಿಟ್ಟು ಬಂದಿರಲ್ಲ ಎಂದರು.

"ನನಗೆ ಅದು ಬಾಯಿಪಾಠ ಉಂಟು," ಎಂದ ಅವನು. "ಅದು ಶುರುವಾದರೆ ನಾನು ಅಡುಗೆಮನೆಗೆ ಹೋಗ್ತೇನೆ. ಹಾಗೆ ಹೋಗಿ ಹೋಗಿಯೇ ತರಕಾರಿ ಹೆಚ್ಚಲು ಕಲಿತದ್ದು."

ಅತ್ತೆ ನನ್ನ ಮುಖ ನೋಡಿದರು. ನಾನು ನೀರಿನ ಜೊತೆ ಒಂದು ತುಂಡು ಬೆಲ್ಲವನ್ನೂ ಇಟ್ಟು ಕೊಟ್ಟೆ. ಹುಲಿ ಸಾಯುವವರೆಗೆ ಅವನು ಅಲ್ಲೇ ಹೊಸ್ತಿಲ ಬಳಿ ನಿಂತು, ನನ್ನ ಶಾಲೆಯಲ್ಲಿ ಎಷ್ಟು ಮಕ್ಕಳು, ಮಳೆಗಾಲದಲ್ಲಿ ಹೊಳೆ ದಾಟುವುದು ಹೇಗೆ ಎಂದೆಲ್ಲ ಕೇಳಿದ. ಎರಡು ಭೇಟಿಯಲ್ಲಿ ನನ್ನ ವಿಷಯ ಕೇಳಿದವನು ಅವನೊಬ್ಬನೇ.

ಸಂಜೆ ಅವರು ಹೋದ ಮೇಲೆ ಒಪ್ಪಿಗೆಯೋ ಎಂದು ಮಾವ ಕೇಳಿದರು. ಒಪ್ಪಿಗೆ ಎಂದೆ. ಚೂರಿಯ ಕಥೆ ಕೇಳಿಯೇ ಅಂಥ ಮನೆತನ ಒಲಿದು ಬಂತು ಎಂದು ಮಾವ ಬದುಕಿರುವವರೆಗೂ ಹೇಳುತ್ತಿದ್ದರು. ಒಕ್ಕಲಿನವರು ಅಂಗಳದಲ್ಲಿ ನಿಂತು ಅದನ್ನೂ ಕೇಳಿದರು.