ಮನೆಗೊಂದೇ ಈಮೇಲ್

ನನಗೆ ಪಾಸ್‌ವರ್ಡುಗಳು ನೆನಪಿರುವುದಿಲ್ಲ. ಕಂಪ್ಯೂಟರ್ ನೋಡಿಕೊಳ್ಳಲೆಂದೇ ಸಂಬಳ ಪಡೆಯುವವನು ಹೀಗೆ ಹೇಳಿಕೊಳ್ಳುವುದು, ಈಜು ಕಲಿಸುವವನು ತನಗೆ ನೀರೆಂದರೆ ಹೆದರಿಕೆ ಎಂದಂತೆ, ಆದರೂ ನಿಜ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನಮ್ಮ ಸಂಸ್ಥೆಯ ಶಾಲೆಗಳಿವೆ. ಹಾಜರಿಗೊಂದು ಆ್ಯಪ್, ಅಂಕಗಳಿಗೊಂದು, ರಜೆಗೊಂದು, ಶಿಕ್ಷಕರು ಧ್ವನಿಮುದ್ರಿಸಿದ ಪಾಠಗಳಿಗೊಂದು. ನಾಲ್ಕಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಶಿಕ್ಷಕರು ತಮ್ಮದನ್ನು ಮರೆತು ದಿನವೂ ನನಗೆ ಫೋನ್ ಮಾಡುತ್ತಿದ್ದರು. ನಾನು ನನ್ನದನ್ನು ಮರೆತು ಯಾರಿಗೂ ಹೇಳದೆ ಕೂರುತ್ತಿದ್ದೆ.

ಕಡೆಗೆ ನಾಲ್ಕಕ್ಕೂ ಒಂದೇ ಬಾಗಿಲು ಇಟ್ಟುಬಿಡೋಣ ಎಂದು ಹೊರಟೆ. ಎಲ್ಲರ ಫೋನಿನಲ್ಲೂ ಹೇಗೂ ಒಂದು ಈಮೇಲ್ ಖಾತೆ ಇರುತ್ತದೆ. ಆ ಖಾತೆ ಕೊಟ್ಟ ಕಂಪನಿ ‘ಇವರು ನನಗೆ ಗೊತ್ತು, ಒಳಗೆ ಬಿಡಿ’ ಎಂದರೆ ಸಾಕು, ನಮ್ಮ ನಾಲ್ಕೂ ಆ್ಯಪ್‌ಗಳು ಒಪ್ಪಿಕೊಳ್ಳಬೇಕು. ಇದಕ್ಕೆ ಸೋಶಿಯಲ್ ಲಾಗಿನ್ ಎನ್ನುತ್ತಾರೆ. ಹೆಸರು ಹೊಸದು, ಪದ್ಧತಿ ನಮಗೆ ಹಳೆಯದು. ನಮ್ಮ ಕಡೆ ಅಪರಿಚಿತರು ಬಂದರೆ ಹೆಸರಿಗಿಂತ ಮೊದಲು ‘ಯಾರ ಪೈಕಿ?’ ಎಂದು ಕೇಳುತ್ತೇವೆ. ದೋರನಹಳ್ಳಿಯ ಇಂಥವರ ಪೈಕಿ ಎಂದರೆ ಚಹಾ ಬರುತ್ತದೆ. ಬಂದವರ ಹೆಸರನ್ನು ಚಹಾ ಕುಡಿದಾದ ಮೇಲೂ ಕೇಳಬಹುದು.

ಕೆಲಸ ಮಾತ್ರ ಚಹಾದಷ್ಟು ಸುಲಭವಾಗಲಿಲ್ಲ. ಕಂಪನಿಗೆ ಕೊಟ್ಟ ನಮ್ಮ ವಿಳಾಸದ ಕೊನೆಯಲ್ಲಿ ನಾನು ಒಂದು ಓರೆಗೆರೆ ಹಾಕಲು ಮರೆತಿದ್ದರಿಂದ ಎರಡು ದಿನ ಯಾರಿಗೂ ಒಳಗೆ ಬರಲಾಗಲಿಲ್ಲ. ಮೂರನೆಯ ದಿನ ತಪ್ಪು ಸಿಕ್ಕಿತು. ಹಳೆಯ ದಾಖಲೆಗಳನ್ನು ಹೊಸ ಬಾಗಿಲಿಗೆ ಜೋಡಿಸುವುದೊಂದು ಉಳಿದಿತ್ತು. ಈಮೇಲ್ ಒಂದೇ ಆಗಿದ್ದರೆ ಮನುಷ್ಯನೂ ಒಬ್ಬನೇ ಎಂದು ನಿಯಮ ಬರೆದೆ. ಬರೆದು ಹೆಮ್ಮೆಪಟ್ಟೆ. ಆ ಹೆಮ್ಮೆಯಲ್ಲಿ ಹಳೆಯ ದಾಖಲೆಗಳ ಒಂದು ಪ್ರತಿ ತೆಗೆದಿಡಲು ಮರೆತೆ.

ಶಹಾಪುರದ ಶಾಲೆಯಲ್ಲಿ ಮಹಾದೇವಿ ಟೀಚರ್ ಕನ್ನಡ ಕಲಿಸುತ್ತಾರೆ. ಅವರ ಗಂಡ ಶರಣಪ್ಪ ಸರ್ ಸುರಪುರದ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಗಣಿತ ಕಲಿಸಿ ಬರುತ್ತಾರೆ. ಹೊಸ ಬಾಗಿಲು ತೆರೆದ ವಾರವೇ ಯಾದಗಿರಿಯಲ್ಲಿ ಮೂರೂ ಶಾಲೆಗಳವರ ಸಭೆ ನಡೆಯಿತು. ಅಧ್ಯಕ್ಷರು ಮೈಕಿನಲ್ಲಿ, ಅತಿ ಹೆಚ್ಚು ಪಾಠ ಧ್ವನಿಮುದ್ರಿಸಿದವರು ಶರಣಪ್ಪ ಸರ್ ಎಂದು ಸಾರಿ ಶಾಲು ಹೊದಿಸಿದರು. ಶರಣಪ್ಪ ಸರ್ ಏನೂ ತಿಳಿಯದೆ ಕೈಮುಗಿದರು. ಮೂರನೇ ಸಾಲಿನಲ್ಲಿ ಕುಳಿತಿದ್ದ ಮಹಾದೇವಿ ಟೀಚರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಅಧ್ಯಕ್ಷರು ಪಾಠಗಳ ಹೆಸರು ಓದತೊಡಗಿದರು: ಸಂಧಿ, ಸಮಾಸ, ಉಪಮೆ. ಚಪ್ಪಾಳೆ ನಿಂತಿತು.

ಮರುದಿನ ಮಹಾದೇವಿ ಟೀಚರ್ ನನ್ನ ಕೋಣೆಗೆ ಬಂದರು. “ಕೂಡ್ರಿ ಟೀಚರ್,” ಎಂದೆ.

“ಕೂಡಾಕ ಬಂದಿಲ್ಲರಿ. ಇಪ್ಪತ್ತಾರು ವರ್ಷ ಆತು ನಾ ಈ ಸಾಲ್ಯಾಗ. ಈಗ ನೋಡಿದ್ರ ನಿಮ್ಮ ಕಂಪ್ಯೂಟರ್‌ನಾಗ ನಾನೇ ಇಲ್ಲ. ಎಲ್ಲಿಟ್ಟೀರಿ ನನ್ನ?”

ಹುಡುಕಿದೆ. ಮಹಾದೇವಿ ಎಂಬ ಹೆಸರೇ ಇರಲಿಲ್ಲ. ಗಂಡಹೆಂಡಿರಿಬ್ಬರೂ ಎಲ್ಲ ಅರ್ಜಿಗಳಲ್ಲೂ ಒಂದೇ ಈಮೇಲ್ ಬರೆದಿದ್ದರು. ನನ್ನ ನಿಯಮ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿ, ಶರಣಪ್ಪ ಎಂದು ಹೆಸರಿಟ್ಟಿತ್ತು.

“ಮನಿಗೊಂದು ಸಾಕಂದ್ರು ಇವರು. ನಾನೂ ಹೂಂ ಅಂದೆ,” ಎಂದರು ಟೀಚರ್.

ಹಳೆಯ ಪ್ರತಿ ಇಲ್ಲವೆಂದು ಹೇಳಲೇಬೇಕಾಯಿತು. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ಸಾಲಿ ಮುಚ್ಚಿದ್ದ ಕಾಲದಾಗ ಮಾಡಿದ್ದವು ಅವು. ಹುಡುಗ್ರ ಮುಖ ಕಾಣಂಗಿಲ್ಲ, ಗ್ವಾಡಿ ನೋಡ್ಕೋತ ಮಾತಾಡೀನಿ,” ಎಂದಷ್ಟೇ ಹೇಳಿ ಹೊರಟುಹೋದರು.

ಶನಿವಾರ ಮಧ್ಯಾಹ್ನ ಇಬ್ಬರೂ ಬಂದರು. ಶರಣಪ್ಪ ಸರ್ ಕೈಚೀಲದಿಂದ ಮಡಿಸಿದ ಶಾಲು ತೆಗೆದು ನನ್ನ ಮೇಜಿನ ಮೇಲಿಟ್ಟರು. “ಇದು ನಂದಲ್ಲರಿ. ಅವತ್ತೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಏನ್ ಮಾಡೋಣು ಈಗ?”

ಇದ್ದದ್ದು ಒಂದೇ ದಾರಿ. ಇನ್ನೂರರ ಹತ್ತಿರ ಪಾಠಗಳನ್ನು ಒಂದೊಂದಾಗಿ ಹಚ್ಚಿ, ಯಾರ ದನಿಯೋ ಅವರ ಹೆಸರಿಗೆ ಬರೆಯುವುದು. ಎರಡು ಮಾತು ಕೇಳಿದರೆ ಸಾಕಿತ್ತು. ಆದರೆ ಶರಣಪ್ಪ ಸರ್ ಮೂರನೆಯ ಪಾಠಕ್ಕೆ ಬಂದಾಗ ನನ್ನ ಕೈ ಹಿಡಿದರು: “ತಡೀರಿ, ಪೂರಾ ಹಚ್ಚರಿ.”

ಕಂಪ್ಯೂಟರಿನಿಂದ ಟೀಚರ್ ದನಿ ಬರುತ್ತಿತ್ತು. “ನಮ್ಮ ಶಹಾಪುರದ ಗುಡ್ಡ ನೋಡ್ರಿ. ಗುಡ್ಡ ಮಲಗಿದ ಬುದ್ಧನಂಗ ಕಾಣ್ತದ ಅಂದ್ರ ಉಪಮೆ. ಈ ಗುಡ್ಡಾನೇ ಬುದ್ಧ, ಸಪ್ಪಳ ಮಾಡಬ್ಯಾಡ್ರಿ ಅಂದ್ರ ರೂಪಕ.”

ಪಾಠ ಮುಗಿದ ಮೇಲೆ ಶರಣಪ್ಪ ಸರ್ ಬೆಂಚಿನ ಆ ತುದಿಗೆ ತಿರುಗಿದರು. “ದಿನಾ ಅದೇ ಗುಡ್ಡ ನೋಡ್ಕೋತ ಬಸ್ ಹತ್ತತೀನಿ. ನಂಗ್ಯಾಕ ಹೇಳಿಲ್ಲ ಇದನ್ನ?” ಎಂದು ಹೆಂಡತಿಯನ್ನು ಕೇಳಿದರು.

“ನೀವ್ ಯಾವತ್ತು ಕೇಳೀರಿ?” ಎಂದರು ಟೀಚರ್. ಸಿಟ್ಟಿರಲಿಲ್ಲ, ಉಪ್ಪು ಎಲ್ಲಿದೆ ಎಂದು ಹೇಳುವಂಥ ದನಿ.

ಹೀಗೆ ಮೂರು ಶನಿವಾರ ಹಿಡಿಯಿತು. ಬೆಂಚಿನ ಆ ತುದಿಯಲ್ಲಿ ಕೂರುತ್ತಿದ್ದ ಟೀಚರ್ ಎರಡನೆಯ ವಾರ ನಡುವಿಗೆ ಬಂದರು. ಸರ್ ಅವರ ಒಂದು ಲ.ಸಾ.ಅ. ಲೆಕ್ಕದ ಪಾಠದ ಮಧ್ಯೆ ಕುಕ್ಕರ್ ಕೂಗಿ, “ರೀ, ಗ್ಯಾಸ್ ಬಂದ್ ಮಾಡ್ರಿ” ಎಂಬ ಟೀಚರ್ ದನಿಯೂ ಸೇರಿಕೊಂಡಿತ್ತು. ಅದನ್ನು ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದಾಗ ಮೂವರೂ ನಕ್ಕೆವು. ಎಲ್ಲ ಮುಗಿದಾಗ ಶರಣಪ್ಪ ಸರ್ ಪಾಲಿಗೆ ಉಳಿದವು ಹನ್ನೊಂದು. ಅಲ್ಲೇ ಕುಳಿತು ಅಧ್ಯಕ್ಷರಿಗೆ ಫೋನ್ ಹಚ್ಚಿದರು.

“ಸಾಹೇಬ್ರ, ನನ್ನವು ಹನ್ನೊಂದೇ ಅವ. ಉಳಿದವೆಲ್ಲಾ ನಮ್ಮ ಮನಿಯಾಕಿವು.”

ಪಕ್ಕದಿಂದ ಟೀಚರ್ ಮೆಲ್ಲಗೆ ಅಂದರು: “ಮನಿಯಾಕಿ ಅನಬ್ಯಾಡ್ರಿ. ಹೆಸರ ಹೇಳ್ರಿ.”

“ಮಹಾದೇವಿ ಟೀಚರ್‌ವು, ಸಾಹೇಬ್ರ,” ಎಂದು ತಿದ್ದಿಕೊಂಡರು ಶರಣಪ್ಪ ಸರ್. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಆ ಹೆಸರನ್ನೇ ಮೈಕಿನಲ್ಲಿ ಹೇಳಿದರು. ಶಾಲು ಕೂಡ ಬೇರೆಯದೇ ತಂದಿದ್ದರು.

ಫೋನ್ ಮಾಡಿದ ಆ ಶನಿವಾರವೇ ನನ್ನ ಕೋಣೆಯಲ್ಲಿ ಟೀಚರ್ ತಮ್ಮದೊಂದು ಈಮೇಲ್ ತೆರೆದಿದ್ದರು. ಪಾಸ್‌ವರ್ಡ್ ಒತ್ತುವಾಗ ಶರಣಪ್ಪ ಸರ್ ಯಾರೂ ಹೇಳದೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ನನ್ನ ನಿಯಮವನ್ನು ಅಳಿಸಿದೆ. ಈಗ ಈಮೇಲ್ ಒಂದೇ ಆಗಿದ್ದರೂ ಆ್ಯಪ್ ಒಮ್ಮೆ ನಿಂತು ‘ನೀವು ಯಾರು?’ ಎಂದು ಮನುಷ್ಯರನ್ನೇ ಕೇಳುತ್ತದೆ. ಕೇಳುವುದಕ್ಕೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ನಮ್ಮ ಪಾಠಗಳ ಕೆಳಗೆ ಕೇಳಿದವರ ಹೆಸರು ಕಾಣುತ್ತದೆ. ಮೊನ್ನೆ ಮಹಾದೇವಿ ಟೀಚರ್ ನನಗೊಂದು ಸಂದೇಶ ಕಳಿಸಿದ್ದರು: “ಆರನೇ ತರಗತಿಗೆ ಹೊಸಬರೊಬ್ರು ಸೇರ್ಯಾರ. ಸುರಪುರದ ಬಸ್ಸಿನಾಗ ಕುಂತು ದಿನಾ ಎರಡು ಪಾಠ ಕೇಳಾಕತ್ತಾರ. ಹಾಜರಿ ಹಾಕಲೇನ್ರಿ?”

ಹಾಕ್ರಿ ಟೀಚರ್, ಎಂದು ಬರೆದೆ.