ಹೆಡತಲೆಯ ದೊಡ್ಡಮಾದಯ್ಯನ ಸೋಮವಾರ

ಹೆಡತಲೆಯ ದೊಡ್ಡಮಾದಯ್ಯ ವಾರದ ಆರು ದಿನ ತೀರ ಸಾಧಾರಣ ಮನುಷ್ಯ. ಬಾಳೆತೋಟಕ್ಕೆ ಕೂಲಿಗೆ ಹೋಗುವುದು, ಬೀಡಿ ಮೇಲೆ ಬೀಡಿ ಸೇದುವುದು, ಅದಕ್ಕಾಗಿ ಹೆಂಡತಿ ರಾಚಮ್ಮನ ಕೈಲಿ ಬೈಸಿಕೊಳ್ಳುವುದು, ಇಷ್ಟೇ. ಸೋಮವಾರ ಸಂಜೆ ಮಾತ್ರ ಅವನ ಮೈಮೇಲೆ ಮಾದಪ್ಪ ಬರುತ್ತಿದ್ದ. ಆಗ ರಾಚಮ್ಮನೂ ಸೆರಗು ಹೊದ್ದು ಕೈಮುಗಿದು ನಿಲ್ಲುತ್ತಿದ್ದಳು. ಪಾಪ, ವಾರಕ್ಕೊಮ್ಮೆ ಸಿಗುವ ಆ ಮರ್ಯಾದೆಯನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ದೇವರು ಇಳಿದ ಮೇಲೆ ಅವನಿಗೆ ಏನೊಂದೂ ನೆನಪಿರುತ್ತಿರಲಿಲ್ಲ.

ಜನ ಕೇಳುತ್ತಿದ್ದುದೂ ದೊಡ್ಡ ಸಂಗತಿಗಳನ್ನಲ್ಲ. ಹಸು ಗಬ್ಬ ನಿಂತೀತೆ, ಮಗಳಿಗೆ ಬಂದ ಗಂಡು ಆಗುತ್ತಾನೆಯೆ, ಇಂಥವೇ. ಅವನು ಬಲಗೈಯ ಬೆತ್ತವನ್ನು ಕೆಳಕ್ಕೆ ಬಿಟ್ಟರೆ ದೇವರು ಒಪ್ಪಿದನೆಂದು ಅರ್ಥ. ಬಿಗಿಹಿಡಿದರೆ ಇಲ್ಲವೆಂದು.

ಎರಡು ಸಾವಿರದ ಮೂರನೇ ಇಸವಿಯ ಒಂದು ಸೋಮವಾರ ಎದುರುಮನೆಯ ಸಣ್ಣತಾಯಮ್ಮ ಬಂದು, ಮುನಿಸಿಕೊಂಡು ದೇವನೂರಿನ ತವರಿಗೆ ಹೋದ ಸೊಸೆ ತಾನಾಗಿ ಹಿಂದಿರುಗುತ್ತಾಳೆಯೆ ಎಂದು ಕೇಳಿದಳು. ಬೆತ್ತ ದೊಪ್ಪನೆ ಬಿತ್ತು. ದೊಡ್ಡಮಾದಯ್ಯನ ಬಾಯಿ ಒಂದು ಕಡೆಗೆ ಎಳೆದುಕೊಂಡು, ಯಾವ ಭಾಷೆಯದೂ ಅಲ್ಲದ ಮಾತು ಹೊರಟಿತು. ಮಾದಪ್ಪ ಇಷ್ಟು ಜೋರಾಗಿ ಬಂದದ್ದನ್ನು ಜನ ಹಿಂದೆಂದೂ ಕಂಡಿರಲಿಲ್ಲ. ಧೂಪ ಹೆಚ್ಚಿಸಿ ಅಡ್ಡಬಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವನು ಎಂದಿನಂತಾದ.

ಆದರೆ ಈ ಸಲ ಅವನಿಗೆ ಎಲ್ಲವೂ ನೆನಪಿತ್ತು. ಬೆತ್ತ ಹಿಡಿಯಬೇಕೆಂದರೂ ಬೆರಳು ಮಾತು ಕೇಳಿರಲಿಲ್ಲ. ನೀರು ಕೊಡಿ ಎನ್ನಲು ಹೋದರೆ ನಾಲಿಗೆ ಬೇರೇನೋ ಅಂದಿತ್ತು. ಇದು ಮಾದಪ್ಪನಲ್ಲ ಎಂದು ಅವನಿಗೆ ಖಚಿತವಾಗಿತ್ತು. ಹೇಳುವುದು ಯಾರಿಗೆ? ರಾಚಮ್ಮ ಆಗಲೇ ಊರೆಲ್ಲ ಸಾರಿಕೊಂಡು ಬಂದಿದ್ದಳು. ಸಣ್ಣತಾಯಮ್ಮ ಬಾಗಿಲಲ್ಲಿ ಕೂತು ಸೊಸೆಯ ದಾರಿ ನೋಡುತ್ತಿದ್ದಳು. ಅದಕ್ಕಿಂತ ದೊಡ್ಡ ದಿಗಿಲು ಒಂದಿತ್ತು. ಇದು ಕಾಯಿಲೆಯಾದರೆ, ಇಷ್ಟು ವರ್ಷ ಬಂದದ್ದೂ ಕಾಯಿಲೆಯೇ ಇರಬಹುದಲ್ಲವೆ? ಆ ಯೋಚನೆಗೆ ಹೆದರಿ ಅವನು ಬಾಯಿ ಮುಚ್ಚಿಕೊಂಡಿದ್ದ.

ಮತ್ತೆ ಅದು ಬಂದದ್ದು ಬಾಳೆತೋಟದಲ್ಲಿ, ನಡುಮಧ್ಯಾಹ್ನ. ಹಿಡಿದಿದ್ದ ಮಚ್ಚು ಜಾರಿ ಪಾದದ ಪಕ್ಕದಲ್ಲೇ ನೆಟ್ಟುಕೊಂಡಿತು. ಅಂದು ಅವನು ನಂಜನಗೂಡಿನ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದ ಮಗಳು ಇಂದ್ರಾಣಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಅವಳು ಅಪ್ಪನನ್ನು ಮನೆಗೂ ಕಳಿಸದೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಕತ್ತಿಗೆ ಜೆಲ್ಲಿ ಸವರಿ ಸ್ಕ್ಯಾನ್ ಮಾಡಿದ ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿಗೆ ರಕ್ತ ಒಯ್ಯುವ ಎಡಗತ್ತಿನ ನಾಳದೊಳಗೆ ಕೊಬ್ಬು ಕಟ್ಟಿಕೊಂಡು ದಾರಿ ಬಹುಮಟ್ಟಿಗೆ ಮುಚ್ಚಿದೆ. ಅಲ್ಲಿಂದ ಚೂರು ಕಿತ್ತು ಮೇಲೆ ಹೋದಾಗ ಬಲಗೈ ಸೋಲುತ್ತದೆ, ಮಾತು ತೊದಲುತ್ತದೆ. ಈವರೆಗೆ ತಾನಾಗಿ ಸರಿಹೋಗಿದೆ, ಮುಂದಿನ ಸಲ ಹೋಗದಿದ್ದರೆ ಲಕ್ವ. ಆಪರೇಷನ್ ಮಾಡಿ ನಾಳ ಸೀಳಿ, ಕೊಬ್ಬನ್ನು ತೆಗೆದು ಹೊಲಿಯಬೇಕು. ಅದರಲ್ಲೂ ಅಪಾಯ ಇಲ್ಲದಿಲ್ಲ, ಆದರೆ ಸುಮ್ಮನಿದ್ದರೆ ಅಪಾಯ ಹೆಚ್ಚು. ಬೀಡಿ ಬಿಡಬೇಕು, ಬೀಪಿಗೂ ರಕ್ತ ಹೆಪ್ಪುಗಟ್ಟದಿರಲಿಕ್ಕೂ ಮಾತ್ರೆ ತಪ್ಪಿಸಬಾರದು.

ದೊಡ್ಡಮಾದಯ್ಯ ಒಂದೇ ಪ್ರಶ್ನೆ ಕೇಳಿದ. "ಸಾ, ಅದ ಕೆರುದ್ ತೆಗುದ್ರೆ ನಮ್ ಮಾದಪ್ಪ ಬರದು ನಿಂತೋಯ್ತದಾ?"

ಡಾಕ್ಟರು ನಗಲಿಲ್ಲ. ತಾವು ತೆಗೆಯುವುದು ಕೊಬ್ಬು ಮಾತ್ರ, ದೇವರ ವಿಚಾರ ತಮಗೆ ತಿಳಿಯದು ಎಂದರು. ಏನೂ ಆಗಲ್ಲ ಬಿಡಪ್ಪ ಎಂದು ಸಮಾಧಾನ ಹೇಳಿದ್ದರೆ ಅವನು ಎದ್ದು ಬಂದುಬಿಡುತ್ತಿದ್ದನೋ ಏನೋ. ಗೊತ್ತಿಲ್ಲ ಎಂದದ್ದಕ್ಕೇ ನಂಬಿದ.

ಆಸ್ಪತ್ರೆಗೆ ಸೇರುವ ಮುಂಚೆ ಊರಿಗೆ ಬಂದು ಸಣ್ಣತಾಯಮ್ಮನ ಮುಂದೆ ನಿಂತ. "ಅಕ್ಕ, ಅವತ್ತು ಬೆತ್ತ ಬಿಟ್ಟದ್ದು ಮಾದಪ್ಪ ಅಲ್ಲ, ನನ್ ರೋಗ. ನೀ ಕಾಯ್ತಾ ಕೂರ್ಬ್ಯಾಡ, ಓಗಿ ಸೊಸೆನ ಕರ್ಕಬಾ." ಅವಳು ಒಳಗೆ ಎದ್ದುಹೋದಳು.

ಆಪರೇಷನ್ ಚೆನ್ನಾಗಿ ಆಯಿತು. ಕೈಗೆ ಬಲ ಉಳಿಯಿತು, ಮಾತು ಉಳಿಯಿತು. ಸೋಮವಾರ ಸೋಮವಾರ ರಾಚಮ್ಮ ಧೂಪ ಹಾಕಿದಳು, ಮಾದಪ್ಪ ಬರಲಿಲ್ಲ. ಕಾದು ಕಾದು ಜನ ಕಡಿಮೆಯಾದರು. ಕೆಲವರು ಡಾಕ್ಟರನ್ನು ಬೈದರು, ಕೆಲವರು ದೊಡ್ಡಮಾದಯ್ಯನನ್ನೇ ಬೈದರು. ಅವನಿಗೆ ತನ್ನ ಮನೆಯೇ ಬಿಕೋ ಎನ್ನಿಸತೊಡಗಿತು. ಜೀವ ಉಳಿಸಿಕೊಂಡದ್ದಕ್ಕೆ ನಾಚಿಕೆಪಡುವ ಸ್ಥಿತಿಗೆ ಬಂದಿದ್ದ.

ಕೊನೆಗೊಂದು ಸೋಮವಾರ ಬಂದದ್ದು ಸಣ್ಣತಾಯಮ್ಮ ಒಬ್ಬಳೇ. ಸೊಸೆಯನ್ನು ತಾನೇ ಹೋಗಿ ಕರೆತಂದಿದ್ದಳು. ಈಗ ಮಗ ಮುಖ ಊದಿಸಿಕೊಂಡಿದ್ದಾನೆಂದು ಶುರುಮಾಡಿದಳು. ದೊಡ್ಡಮಾದಯ್ಯ ತಡೆದ.

"ಅಕ್ಕ, ಮಾದಪ್ಪ ಬಂದಿಲ್ಲ. ಇಲ್ಲಿರದು ನಾನೊಬ್ನೇ."

"ಗೊತ್ತು ಕಣ್ ಮಾದಯ್ಯ," ಎಂದಳು ಸಣ್ಣತಾಯಮ್ಮ, ಚಾಪೆಯ ಮೇಲೆ ಕಾಲು ಚಾಚಿ ಕೂತು. "ನಿನ್ನೇ ಕೇಳವಾ ಅಂತ ಬಂದಿವ್ನಿ."

ದೊಡ್ಡಮಾದಯ್ಯನಿಗೆ ಅಳು ಬಂತು. ಕಣ್ಣೊರೆಸಿಕೊಂಡು, ಅದೇನಾಯಿತು ಹೇಳಕ್ಕ ಎಂದ.